ಪಂಪ್ ಬದಲಿಸುವ ಮೊದಲು ಪ್ರೆಷರ್ ಚೆಕ್: ನಮ್ಮ ಗ್ರಾಹಕರಿಗೆ

ಮಾನ್ಯ ಗ್ರಾಹಕರೇ,

ಬರುವ ತಿಂಗಳ ಒಂದನೇ ತಾರೀಖಿನಿಂದ ನಮ್ಮ ಗ್ಯಾರೇಜಿನಲ್ಲಿ ಪ್ರೆಷರ್ ಗೇಜ್ (ಪೆಟ್ರೋಲಿನ ಒತ್ತಡ ಅಳೆಯುವ ಮೀಟರ್) ಹಾಕಿ ನೋಡದೆ ಯಾವ ಪೆಟ್ರೋಲ್ ಕಾರಿನ ಫ್ಯೂಯೆಲ್ ಪಂಪನ್ನೂ ಬದಲಿಸುವುದಿಲ್ಲ. ಚೆಕಿಂಗಿಗೆ 300 ರೂಪಾಯಿ. ರಿಪೇರಿ ನಮ್ಮಲ್ಲೇ ಮಾಡಿಸಿದರೆ ಅಷ್ಟನ್ನು ಬಿಲ್ಲಿನಲ್ಲಿ ಕಳೆಯುತ್ತೇವೆ. "ಪಂಪ್ ಹೋಗೇತಂತ್ರೀ, ಹೊಸಾದು ಹಾಕಿಬಿಡ್ರಿ" ಎಂದು ತೀರ್ಮಾನ ಮಾಡಿಕೊಂಡೇ ಬರುವವರಿಗೂ ಇದೇ ನಿಯಮ.

ಕಾರ್ಬುರೇಟರ್ ಇದ್ದ ಹಳೇ ಮಾರುತಿ 800ರಲ್ಲಿ ಪಂಪ್ ಇಂಜಿನ್ನಿಗೇ ಅಂಟಿಕೊಂಡಿತ್ತು, ಬಾನೆಟ್ ಎತ್ತಿದರೆ ಕಾಣುತ್ತಿತ್ತು. ಈಗಿನ ಇಂಜೆಕ್ಷನ್ ಕಾರುಗಳಲ್ಲಿ ಅದು ಟ್ಯಾಂಕಿನೊಳಗೆ ಪೆಟ್ರೋಲಿನಲ್ಲೇ ಮುಳುಗಿರುತ್ತದೆ. ಬುಡದಲ್ಲಿ ಕಸ ತಡೆಯುವ ಜಾಲರಿ. ಆಮೇಲೆ ಫಿಲ್ಟರ್: ಕೆಲವು ಕಾರುಗಳಲ್ಲಿ ಟ್ಯಾಂಕಿನ ಹತ್ತಿರ ಕಾರಿನಡಿ, ಹೊಸ ಕಾರುಗಳಲ್ಲಿ ಹೆಚ್ಚಾಗಿ ಪಂಪ್ ಸೆಟ್ಟಿನೊಳಗೇ. ಅಲ್ಲಿಂದ ಪೆಟ್ರೋಲ್ ಲೈನ್ ಕಾರಿನಡಿಯೇ ಹಾದು ಇಂಜೆಕ್ಟರ್ ರೈಲಿಗೆ, ಅಂದರೆ ಇಂಜಿನ್ನಿಗೆ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರುಗಳಿಗೆ ಹಂಚುವ ಕೊಳವೆಗೆ, ಹೋಗುತ್ತದೆ. ಹಲವು ಕಾರುಗಳಲ್ಲಿ ಆ ಲೈನಿನ ಒತ್ತಡ 3ರಿಂದ 4 ಬಾರ್, ಅಂದರೆ ಟೈರಿನ ಗಾಳಿಗಿಂತ ಜಾಸ್ತಿ. ಹಾಗಾಗಿ ಲೈನ್ ಸೋರಿದರೆ ಕಾರ್ಬುರೇಟರ್ ಕಾಲದ ರಬ್ಬರ್ ಪೈಪ್ ತುಂಡು ಸಿಕ್ಕಿಸಿ ಕಳಿಸಿ ಎಂದು ದಯವಿಟ್ಟು ಕೇಳಬೇಡಿ. ಅದು ಬೆಂಕಿಯ ಜೊತೆ ಆಟ.

ತೊಂದರೆ ಏನೆಂದರೆ, ಜಾಲರಿ ಕಟ್ಟಿದರೂ, ಫಿಲ್ಟರ್ ತುಂಬಿದರೂ, ಪಂಪಿಗೆ ಕರೆಂಟ್ ಬಿಡುವ ರಿಲೇ ಕೈಕೊಟ್ಟರೂ, ಪಂಪಿನ ಅರ್ಥ್ ವೈರಿಗೆ ತುಕ್ಕು ಹಿಡಿದರೂ ಕಾರು ಹೇಳುವುದು ಹೆಚ್ಚುಕಮ್ಮಿ ಒಂದೇ ಮಾತು: ಪಿಕಪ್ ಇಲ್ಲ, ಹೈವೇಯಲ್ಲಿ ಜರ್ಕ್, ಚಿತ್ರದುರ್ಗದ ಕಡೆ ಏರು ಬಂದರೆ ಎಳೆಯುವುದಿಲ್ಲ. ಗೇಜ್ ಹಾಕಿದರೆ ಬೇರೆ ಬೇರೆಯಾಗಿ ಗೊತ್ತಾಗುತ್ತದೆ. ಐಡ್ಲಿಂಗಿನಲ್ಲಿ ಸರಿಯಿದ್ದ ಮುಳ್ಳು ಆಕ್ಸಿಲರೇಟರ್ ಒತ್ತಿದಾಗ ಬಿದ್ದರೆ ಮೊದಲು ನೋಡಬೇಕಾದದ್ದು ಫಿಲ್ಟರ್, ಜಾಲರಿ. ಇಂಜಿನ್ ಆಫ್ ಮಾಡಿದ ಕೂಡಲೇ ಮುಳ್ಳು ಸೊನ್ನೆಗೆ ಇಳಿದರೆ ಲೈನಿನ ಒತ್ತಡ ಹಿಡಿದಿಡುವ ವಾಲ್ವ್ ಅಥವಾ ಇಂಜೆಕ್ಟರ್ ಎಲ್ಲೋ ಬಿಡುತ್ತಿದೆ. ಬೆಳಿಗ್ಗೆ ಉದ್ದಕ್ಕೆ ಸೆಲ್ಫ್ ಹೊಡೆಯಬೇಕಾಗುವುದು ಹಲವು ಸಲ ಇದಕ್ಕೇ. ಕರೆಂಟ್ ಸರಿಯಾಗಿ ಬರುತ್ತಿದೆ, ಫಿಲ್ಟರ್ ಚೆನ್ನಾಗಿದೆ, ಆದರೂ ಒತ್ತಡವಿಲ್ಲ ಎಂದಾಗ ಮಾತ್ರ ಪಂಪಿನ ಮೇಲೆ ತಪ್ಪು ಹೊರಿಸಬಹುದು.

ಹೊರಗಿರುವ ಫಿಲ್ಟರ್ ಬದಲಿಸಿದರೆ ಹಳೆಯದನ್ನು ನಿಮ್ಮೆದುರೇ, ಪೆಟ್ರೋಲ್ ಒಳಬರುವ ಬಾಯಿಂದ ಬಿಳಿ ಬಟ್ಟಲಿಗೆ ಬಗ್ಗಿಸುತ್ತೇವೆ. ಚಹಾದ ಬಣ್ಣದ ಪೆಟ್ರೋಲ್, ತಳದಲ್ಲಿ ಕರಿ ಪುಡಿ, ಒಮ್ಮೊಮ್ಮೆ ನೀರಿನ ಗುಳ್ಳೆ. ಅದನ್ನು ನೋಡಿದವರು 300 ರೂಪಾಯಿಗೆ ತಕರಾರು ತೆಗೆಯಲಾರರು ಎಂಬುದು ನಮ್ಮ ನಂಬಿಕೆ.

ಮನೆಯಲ್ಲೇ ಮಾಡಬಹುದಾದ ಪರೀಕ್ಷೆಯೂ ಒಂದಿದೆ. ಎಸಿ, ರೇಡಿಯೋ ಬಂದ್ ಮಾಡಿ, ಸ್ಟಾರ್ಟ್ ಮಾಡದೆ ಕೀ ಆನ್ ಮಾಡಿ. ಹೆಚ್ಚಿನ ಕಾರುಗಳಲ್ಲಿ ಹಿಂದಿನ ಸೀಟಿನಡಿ ಎರಡು ಮೂರು ಸೆಕೆಂಡ್ ಸಣ್ಣಗೆ ಗುಂಯ್ ಎಂದು ಕೇಳಿ ನಿಲ್ಲುತ್ತದೆ. ಕೇಳದಿದ್ದರೆ ಮೊದಲು ಫ್ಯೂಸ್ ನೋಡಿಸಿ. ಇನ್ನು ರಿಸರ್ವಿನಲ್ಲೇ ದಿನಾ ಓಡಿಸುವ ಅಭ್ಯಾಸ ಬಿಡಿ. ಪಂಪ್ ತಣ್ಣಗಿರುವುದೇ ಸುತ್ತಲಿನ ಪೆಟ್ರೋಲಿನಿಂದ.

ಡೀಸೆಲ್ ಗಾಡಿಗಳಿಗೆ ಈ ನಿಯಮವಿಲ್ಲ, ಅವುಗಳ ಹೈ ಪ್ರೆಷರ್ ಕೆಲಸ ನಾವು ಮಾಡುವುದೂ ಇಲ್ಲ. ಫಿಲ್ಟರಿನ ನೀರು ಮಾತ್ರ ಇಳಿಸಿಕೊಡುತ್ತೇವೆ. ಜಗಳೂರು, ಹರಪನಹಳ್ಳಿ ಕಡೆಯಿಂದ ಬರುವವರು ಹೊಲದ ಮೋಟರಿಗೆಂದು ಕ್ಯಾನಿನಲ್ಲಿಟ್ಟ ಡೀಸೆಲ್ಲನ್ನು ಸೋಸದೆ ಕಾರಿಗೆ ಸುರಿಯಬೇಡಿ.

ಪಂಪ್ ಕೆಲಸಕ್ಕೆ ಬರುವಾಗ ಟ್ಯಾಂಕ್ ಕಾಲು ಭಾಗಕ್ಕಿಂತ ಕಡಿಮೆ ಇರಲಿ. ತುಂಬಿದ ಟ್ಯಾಂಕ್ ಬಿಚ್ಚುವುದಿಲ್ಲ. ಬೆಳಿಗ್ಗೆ ಬಿಟ್ಟರೆ ಸಂಜೆಯೊಳಗೆ ಯಾವ ಭಾಗ ಹಾಳಾಗಿದೆ ಎಂದು ಫೋನ್ ಮಾಡಿ ತಿಳಿಸುತ್ತೇವೆ. ನೀವು ಹೂಂ ಎಂದ ಮೇಲೆಯೇ ಸಾಮಾನು ತರಿಸುವುದು.

ಇಂತಿ,
ನಿಮ್ಮ ಗ್ಯಾರೇಜಿನವರು
ಹದಡಿ ರಸ್ತೆ, ದಾವಣಗೆರೆ