ಚಿಗಟ ಇರುವುದು ನಾಯಿಯ ಮೈಮೇಲಷ್ಟೇ ಅಲ್ಲ

ಮಾನ್ಯರೇ,

ಮಳೆ ಹಿಡಿದು ಮನೆಯೆಲ್ಲ ತಂಡಿಯಾದರೆ ಮಲೆನಾಡಿನ ನಾಯಿ, ಬೆಕ್ಕುಗಳಿಗೆ ಕೆರೆತವೂ ಶುರುವಾಗುತ್ತದೆ. ಉಣುಗು ಕಚ್ಚಿಕೊಂಡೇ ಕೂತಿರುವುದರಿಂದ ಕೈಗೆ ಸಿಗುತ್ತದೆ. ಚಿಗಟ ಹಾಗಲ್ಲ, ಕೂದಲು ಬಿಡಿಸುವಷ್ಟರಲ್ಲಿ ಜಾರಿರುತ್ತದೆ. ಹುಡುಕಬೇಕಾದದ್ದು ಅದರ ಹಿಕ್ಕೆಯನ್ನು. ಬಾಲದ ಬುಡದಲ್ಲಿ ಹೇನಿನ ಬಾಚಣಿಗೆ ಆಡಿಸಿ, ಬಿದ್ದ ಕರಿಪುಡಿಯನ್ನು ಒದ್ದೆ ಬಿಳಿ ಬಟ್ಟೆಯ ಮೇಲೆ ಉದುರಿಸಿ. ಒಂದೆರಡು ನಿಮಿಷದಲ್ಲಿ ಸುತ್ತ ಕೆಂಗಂದು ಬಣ್ಣ ಹರಡಿದರೆ ಅದು ಚಿಗಟ ಕುಡಿದ ರಕ್ತ. ನಮ್ಮ ಕೆಮ್ಮಣ್ಣು ಇಲ್ಲಿ ಮೋಸ ಮಾಡೀತು. ಮಣ್ಣು ಒಣಗಿದ್ದಾಗಲೂ ಕೆಂಪೇ, ಹಿಕ್ಕೆ ಕೆಂಪಾಗುವುದು ನೀರು ತಾಗಿದ ಮೇಲೆ.

ಸೋಪು ಹಾಕಿ ಮೀಯಿಸಿದರೆ ಮೈಮೇಲಿನವು ಹೋಗಬಹುದು, ಅಷ್ಟೇ. ಹೆಣ್ಣು ಚಿಗಟ ದಿನಕ್ಕೆ 40-50 ಮೊಟ್ಟೆಯವರೆಗೂ ಇಡುತ್ತದೆ. ಅವು ನಾಯಿ ಮಲಗುವ ಗೋಣಿಚೀಲ, ಜಗಲಿಯ ಸಂದಿಗೆ ಉದುರುತ್ತವೆ. ಮೊಟ್ಟೆಯೊಡೆದು ಬಂದ ಮರಿಹುಳು ಗೂಡು ಕಟ್ಟಿಕೊಂಡು ಕೋಶವಾದರೆ ಅದಕ್ಕೆ ಮದ್ದು ನಾಟುವುದಿಲ್ಲ, ತಿಂಗಳುಗಟ್ಟಲೆ ಹಾಗೇ ಇರಬಲ್ಲದು. ಹಾಗಾಗಿ ಹಾಸನ್ನು ವಾರಕ್ಕೊಮ್ಮೆ ಬಿಸಿನೀರಲ್ಲಿ ಒಗೆಯಿರಿ, ಹಳೆ ಗೋಣಿಯಾದರೆ ಸುಟ್ಟುಬಿಡಿ. ಪಶುವೈದ್ಯರು ತೂಕ ನೋಡಿ ಕೊಡುವ ಹನಿಮದ್ದನ್ನು ಹೆಗಲ ನಡುವೆ, ಕೂದಲು ಸರಿಸಿ, ಚರ್ಮಕ್ಕೇ ಹಾಕಬೇಕು. ಮನೆಯ ಎಲ್ಲ ನಾಯಿ ಬೆಕ್ಕುಗಳಿಗೂ ಅವುಗಳಿಗೆ ತಕ್ಕ ಮದ್ದನ್ನು ಒಂದೇ ದಿನ ಹಾಕಿ, ಕನಿಷ್ಠ ಮೂರು ತಿಂಗಳು ಮುಂದುವರಿಸಿ.

ಒಂದು ತಪ್ಪನ್ನಂತೂ ಮಾಡಬೇಡಿ. ಪರ್ಮೆಥ್ರಿನ್ ಎಂಬ ಕೀಟನಾಶಕ ಇರುವ ನಾಯಿಯ ಮದ್ದಾಗಲಿ, ಕೊಟ್ಟಿಗೆಯಲ್ಲಿ ಉಳಿದ ಉಣುಗಿನ ಔಷಧಿಯಾಗಲಿ ಬೆಕ್ಕಿಗೆ ಸವರಿದರೆ ನಡುಕ ಹತ್ತಿ ಸತ್ತೇ ಹೋಗಬಹುದು. ಬಾಲದಡಿ ಅಕ್ಕಿಕಾಳಿನಂಥ ಚೂರು ಕಂಡರೆ ಲಾಡಿಹುಳುವಿಗೂ ಮಾತ್ರೆ ಕೇಳಿ. ಹೆಚ್ಚಾಗಿ ಚಿಗಟ ನುಂಗಿಯೇ ಅದು ಹೊಟ್ಟೆ ಸೇರುವುದು.

– ಓದುಗರು, ತೀರ್ಥಹಳ್ಳಿ