ಬೆಂಗಳೂರು ಎಫ್‌ಸಿ (ಬಿಎಫ್‌ಸಿ) ವರ್ಷದ ಆಟಗಾರ: ಭಾನುವಾರದೊಳಗೆ ವೋಟು ಹಾಕಿ

ಎಲ್ಲರಿಗೂ ನಮಸ್ಕಾರ.

2024-25ರ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್ ಫುಟ್‌ಬಾಲ್) ಸೀಸನ್‌ಗೆ ನಮ್ಮ ಅಭಿಮಾನಿ ಗುಂಪಿನ 'ವರ್ಷದ ಆಟಗಾರ' ಆಯ್ಕೆ ಶುರುವಾಗಿದೆ. ಈ ಭಾನುವಾರ ರಾತ್ರಿ 9ರವರೆಗೆ ಸಮಯ. ಹೊಸದಾಗಿ ಸೇರಿದವರೂ ವೋಟು ಹಾಕಬಹುದು.

ಮೇಲೆ ಪಿನ್ ಮಾಡಿರುವ ಪೋಲ್‌ನಲ್ಲಿ ಒಂದೇ ಹೆಸರು ಒತ್ತಿ. ಆಮೇಲೆ ಯಾಕೆ ಅಂತ ಎರಡು ಸಾಲು ಬರೆಯಿರಿ. ಸುಮ್ನೆ ಹೆಸರು ಹಾಕಿದರೆ ಚರ್ಚೆ ಬೆಳೆಯುವುದಿಲ್ಲ.

ನನ್ನ ವೋಟು ಸುನಿಲ್ ಛೆಟ್ರಿಗೆ. 40ರ ವಯಸ್ಸಿನಲ್ಲಿ 14 ಗೋಲು! ಸೆಮಿಫೈನಲ್‌ನ ಎರಡನೇ ಪಂದ್ಯದಲ್ಲಿ ಗೋವಾದವರು 2 ಗೋಲು ಹೊಡೆದು ಎರಡೂ ಪಂದ್ಯ ಸೇರಿದ ಒಟ್ಟು ಗೋಲಿನ ಲೆಕ್ಕ ಸಮ ಮಾಡಿದ್ದರು. ಇಂಜುರಿ ಟೈಮ್‌ನಲ್ಲಿ ಬಂದ ಕ್ರಾಸ್‌ಗೆ ಛೆಟ್ರಿ ಹಾಕಿದ ಹೆಡರ್ ನೆನಪಿದೆ ಅಲ್ವಾ? ಅದರಿಂದಲೇ ನಾವು ಫೈನಲ್ ಮುಟ್ಟಿದ್ದು. ಲೀಗ್‌ನ ಅತ್ಯುತ್ತಮ ಆಟಗಾರನಿಗೆ ಕೊಡುವ ಗೋಲ್ಡನ್ ಬಾಲ್ ನಾರ್ತ್‌ಈಸ್ಟ್ ತಂಡದ ಅಜಾರೈಗೆ ಹೋಯಿತು. 23 ಗೋಲು ಹೊಡೆದವರಿಗೆ ಅದು ಸಲ್ಲಬೇಕಾದದ್ದೇ. ನಮ್ಮ ಪೋಲ್ ನಮ್ಮ ತಂಡದವರಿಗೆ ಮಾತ್ರ.

ಸೀಸನ್ ಹಾಳಾಯಿತು ಅಂತ ಕೆಲವರು ಬರೆಯುತ್ತಿದ್ದೀರಿ. ನಾನು ಒಪ್ಪುವುದಿಲ್ಲ. ಹಿಂದಿನ ಸಲ 10ನೇ ಸ್ಥಾನದಲ್ಲಿದ್ದ ತಂಡ ಈ ಸಲ 3ನೇ ಸ್ಥಾನಕ್ಕೆ ಬಂತು, ಮುಂಬೈಗೆ ಕಂಠೀರವದಲ್ಲಿ 5 ಗೋಲು ಹೊಡೆಯಿತು. ಕೋಲ್ಕತ್ತದ ಫೈನಲ್‌ನಲ್ಲಿ ಮುಂದಿದ್ದೂ ಎಕ್ಸ್‌ಟ್ರಾ ಟೈಮ್‌ನಲ್ಲಿ 2-1ರಿಂದ ಸೋತದ್ದು ನನಗೂ ಇನ್ನೂ ನೋಯುತ್ತಿದೆ.

ಒಂದು ವಿನಂತಿ. ಆಟವನ್ನು ಎಷ್ಟು ಬೇಕಾದರೂ ಟೀಕಿಸಿ, ಆಟಗಾರರ ಮನೆಯವರನ್ನು ಎಳೆಯಬೇಡಿ. ಅಂಥ ಮೆಸೇಜ್ ಅಳಿಸುತ್ತೇವೆ.

ಫಲಿತಾಂಶದ ಪೋಸ್ಟರ್ ಮಾಡಲು ಇಬ್ಬರು ಬೇಕು. ಆಗುವವರು ಶನಿವಾರದೊಳಗೆ ಇಲ್ಲೇ ತಿಳಿಸಿ.