ಐದು ಮೈದಾನ, ಎರಡು ಗೋಡೆ

2024ರ ಸೆಪ್ಟೆಂಬರ್ 26ರಂದು ಓಕ್‌ಲ್ಯಾಂಡ್ ಕೊಲಿಸಿಯಮ್‌ನಲ್ಲಿ ಅಥ್ಲೆಟಿಕ್ಸ್ ಎಂಬ ಬೇಸ್‌ಬಾಲ್ ತಂಡದ ಕೊನೆಯ ಆಟ. ಟೆಕ್ಸಸ್ ರೇಂಜರ್ಸ್ ಮೇಲೆ 3-2ರ ಗೆಲುವು, ನೋಡಲು ಬಂದವರು 46,889 ಮಂದಿ. ಬೇ ಏರಿಯಾದಲ್ಲಿ ನೆಲೆಸಿ, ಬಾರ್ಟ್ ರೈಲು ಹತ್ತಿ ಹೋಗಿ ಬೇಸ್‌ಬಾಲ್ ನೋಡಲು ಕಲಿತ ನಮ್ಮಂಥವರಿಗೂ ಅದು ಸಂಕಟದ ದಿನ.

ಈ ತಂಡ ಊರು ಬಿಟ್ಟದ್ದು ಅದೇ ಮೊದಲಲ್ಲ. 1901ರಲ್ಲಿ ಫಿಲಡೆಲ್ಫಿಯಾದ ಕೊಲಂಬಿಯಾ ಪಾರ್ಕ್ ಎಂಬ ಮರದ ಮೈದಾನದಲ್ಲಿ ಆಡಲು ಶುರುಮಾಡಿತು. 1909ರಲ್ಲಿ ಷೈಬ್ ಪಾರ್ಕ್ ಎದ್ದಿತು. ಅಮೆರಿಕದ ಅಗ್ರ ಬೇಸ್‌ಬಾಲ್ ಪಂದ್ಯಾವಳಿಯಾದ ಮೇಜರ್ ಲೀಗ್‌ನಲ್ಲಿ ಉಕ್ಕು, ಕಾಂಕ್ರೀಟಿನಿಂದ ಕಟ್ಟಿದ ಮೊದಲ ಕ್ರೀಡಾಂಗಣ ಅದು. ಬಲಬದಿಯ ಗೋಡೆ ತಗ್ಗಾಗಿತ್ತು. ಆಚೆ 20ನೇ ಬೀದಿಯ ಸಾಲುಮನೆಗಳ ತಾರಸಿಯಿಂದ ಆಟ ಚೆನ್ನಾಗಿ ಕಾಣುತ್ತಿತ್ತು. ಮನೆಯವರು ತಾರಸಿಯ ಮೇಲೆ ಬೆಂಚು ಹಾಕಿ, ದುಡ್ಡು ಪಡೆದು ಜನರನ್ನು ಕೂರಿಸುತ್ತಿದ್ದರು. 1935ರಲ್ಲಿ ತಂಡದವರು ಆ ಗೋಡೆಯ ಮೇಲೆ ತಗಡು ಹೊಡೆದು, ಎರಡು ಪಟ್ಟಿಗೂ ಮೀರಿ ಎತ್ತರಿಸಿದರು. ಬೀದಿಗೆ ಆಟ ಕಾಣದಾಯಿತು. ಟಿಕೆಟ್ ಹಣದ ಲೆಕ್ಕ ಅವರದು, ನಿಜ. ಆದರೆ ಕಾಲು ಶತಮಾನ ಮಗ್ಗುಲಲ್ಲೇ ಬಾಳಿದ ಬೀದಿಯನ್ನು ಹಾಗೆ ಹೊರಗಿಟ್ಟದ್ದು ನನಗೆ ಇಂದಿಗೂ ಸರಿಕಾಣುವುದಿಲ್ಲ.

1955ರಿಂದ 1967ರವರೆಗೆ ಕಾನ್ಸಾಸ್ ಸಿಟಿಯ ಮುನ್ಸಿಪಲ್ ಸ್ಟೇಡಿಯಂ. ಕಪ್ಪು ಜನಾಂಗದ ಆಟಗಾರರ ಪ್ರಸಿದ್ಧ ತಂಡ ಮೊನಾರ್ಕ್ಸ್‌ಗೂ ಅದೇ ತವರು. ಅಲ್ಲಿ ಮೆರೆದಿದ್ದ ಸ್ಯಾಚೆಲ್ ಪೇಜ್ 1965ರಲ್ಲಿ, 59ರ ವಯಸ್ಸಿನಲ್ಲಿ, ಅಥ್ಲೆಟಿಕ್ಸ್ ಪರವಾಗಿ ಅದೇ ನೆಲದಲ್ಲಿ ಚೆಂಡೆಸೆದರು. ಮೂರು ಇನ್ನಿಂಗ್ಸ್, ಬಾಸ್ಟನ್‌ಗೆ ಒಂದು ರನ್ನೂ ಸಿಗಲಿಲ್ಲ.

1968ರಲ್ಲಿ ತಂಡ ಓಕ್‌ಲ್ಯಾಂಡಿಗೆ ಬಂತು. 1972, 73, 74ರಲ್ಲಿ ಸತತವಾಗಿ ವರ್ಲ್ಡ್ ಸೀರೀಸ್, ಅಂದರೆ ಮೇಜರ್ ಲೀಗ್‌ನ ಅಂತಿಮ ಸರಣಿ, ಗೆದ್ದಿತು. ಓಕ್‌ಲ್ಯಾಂಡಿನಲ್ಲೇ ಬೆಳೆದ ರಿಕಿ ಹೆಂಡರ್ಸನ್ 1991ರ ಮೇ 1ರಂದು 939ನೇ ಬೇಸ್ ಕದ್ದು (ಎದುರಾಳಿಗಳ ಕಣ್ತಪ್ಪಿಸಿ ಮುಂದಿನ ಬೇಸಿಗೆ ಓಡಿ) ದಾಖಲೆ ಬರೆದು, ಕಿತ್ತ ಬೇಸನ್ನು ತಲೆಯ ಮೇಲೆತ್ತಿ ಹಿಡಿದದ್ದೂ ಇಲ್ಲೇ. ಆಗ ಗ್ಯಾಲರಿಯಲ್ಲಿ ಕೂತರೆ ಎದುರಿಗೆ ಓಕ್‌ಲ್ಯಾಂಡಿನ ಬೆಟ್ಟಸಾಲು. 1996ರಲ್ಲಿ ರೈಡರ್ಸ್ ಫುಟ್ಬಾಲ್ ತಂಡಕ್ಕಾಗಿ ಅಲ್ಲಿ ಕಾಂಕ್ರೀಟಿನ ಬೃಹತ್ ಗ್ಯಾಲರಿ ಎಬ್ಬಿಸಿದರು, ಬೆಟ್ಟ ಮರೆಯಾಯಿತು. ಮುಂದೆ ರೈಡರ್ಸ್ ಲಾಸ್ ವೇಗಸ್‌ಗೆ ಹೋಯಿತು, ಗೋಡೆ ಹಾಗೇ ಉಳಿಯಿತು. ಷೈಬ್ ಪಾರ್ಕಿನಲ್ಲಿ ಊರಿಗೆ ಆಟ ಕಾಣದಂತೆ ಮಾಡಿದರು, ಇಲ್ಲಿ ಆಟ ನೋಡುವವರಿಗೆ ಊರೇ ಕಾಣದಂತಾಯಿತು.

ತಂಡ ಓಕ್‌ಲ್ಯಾಂಡ್ ಬಿಟ್ಟದ್ದು ಆಟಕ್ಕೆ ಜನರೇ ಬರುತ್ತಿಲ್ಲವೆಂದು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. 2023ರ ಜೂನ್ 13ರ ಮಂಗಳವಾರ, ತಂಡವನ್ನು ಮಾರಿಬಿಡಿ ಎಂದು ಮಾಲೀಕರಿಗೆ ಹೇಳಲೆಂದೇ 27,759 ಮಂದಿ ಸೇರಿದ್ದರು. ಅವರ ಕೂಗಿಗೆ ಬೆಲೆ ಸಿಗಲಿಲ್ಲ.

ಈಗ ತಂಡ ವೆಸ್ಟ್ ಸ್ಯಾಕ್ರಮೆಂಟೊದ ಸಟರ್ ಹೆಲ್ತ್ ಪಾರ್ಕ್ ಎಂಬ, ಕೆಳಹಂತದ ಮೈನರ್ ಲೀಗ್ ತಂಡಗಳ ಪುಟ್ಟ ಮೈದಾನದಲ್ಲಿದೆ, ಹೆಸರಿನ ಮುಂದೆ ಯಾವ ಊರೂ ಇಲ್ಲದೆ. ಮುಂದಿನ ನೆಲೆ ಲಾಸ್ ವೇಗಸ್. ಇತ್ತ ವೆಸ್ಟ್ ಓಕ್‌ಲ್ಯಾಂಡಿನ ರೈಮಂಡಿ ಪಾರ್ಕಿನಲ್ಲಿ 2024ರಿಂದ ಬ್ಯಾಲರ್ಸ್ ಎಂಬ ಹೊಸ ತಂಡ ಆಡುತ್ತಿದೆ. ಬೇಸಿಗೆ ರಜೆಯಲ್ಲಿ ಒಂದು ಸಂಜೆ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗಿ ಬನ್ನಿ.